ಲಂಡನ್ ನಗರದ ಐತಿಹಾಸಿಕ ಚರ್ಚುಗಳು

ಲಂಡನ್ ನಗರದ ಐತಿಹಾಸಿಕ ಚರ್ಚುಗಳಲ್ಲಿ ಅನೇಕವು ಅದರ ಅತ್ಯಂತ ಹಳೆಯ ಭಾಗವಾದ ‘ಸಿಟಿ ಆಫ್ ಲಂಡನ್’ ಪ್ರದೇಶದಲ್ಲಿವೆ. ಸುಮಾರು ಒಂದು ಚದರ ಮೈಲಿ ವಿಸ್ತಾರದ ಈ ಪ್ರದೇಶವು ಇಂದು ಬ್ಯಾಂಕುಗಳ ಹಾಗೂ ವಾಣಿಜ್ಯ ಕಚೇರಿಗಳ ಕೇಂದ್ರವಾಗಿದೆ. ಇಲ್ಲಿನ ಚರ್ಚುಗಳು 1666ರ ಮಹಾ ಅಗ್ನಿದುರಂತ ಮತ್ತು ಎರಡನೆಯ ಮಹಾಯುದ್ಧದ ಬಾಂಬ್ ದಾಳಿ ಎರಡನ್ನೂ ಕಂಡಿವೆ.

ಇತಿಹಾಸ

1666ರ ಸೆಪ್ಟೆಂಬರ್ 2ರಂದು ಪುಡ್ಡಿಂಗ್ ಲೇನ್ ಎಂಬ ಬೀದಿಯ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿಯು ಕೆಲವೇ ದಿನಗಳಲ್ಲಿ ನಗರದ ಬಹುಭಾಗವನ್ನು ಆಹುತಿ ತೆಗೆದುಕೊಂಡಿತು. ಸೇಂಟ್ ಪಾಲ್ ಕೆಥೆಡ್ರಲ್ ಹಾಗೂ 87 ಚರ್ಚುಗಳು ಸುಟ್ಟುಹೋದವು. ಇವುಗಳ ಪೈಕಿ 51 ಚರ್ಚುಗಳನ್ನು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್‌ನ ಮೇಲ್ವಿಚಾರಣೆಯಲ್ಲಿ ಮತ್ತೆ ಕಟ್ಟಲಾಯಿತು. ನಗರಕ್ಕೆ ಬರುವ ಕಲ್ಲಿದ್ದಲಿನ ಮೇಲೆ ವಿಧಿಸಿದ ತೆರಿಗೆಯಿಂದ ಇದಕ್ಕೆ ಹಣ ಒದಗಿತು.

ಚರ್ಚುಗಳ ನಾಶಕ್ಕೆ ಬೆಂಕಿಯೊಂದೇ ಕಾರಣವಲ್ಲ. 19ನೆಯ ಶತಮಾನದಲ್ಲಿ ನಿವಾಸಿಗಳು ಹೊರವಲಯಗಳಿಗೆ ತೆರಳಿದುದರಿಂದ ಆರಾಧನೆಗೆ ಬರುವವರ ಸಂಖ್ಯೆ ಕುಸಿಯಿತು. 1860ರ ಶಾಸನವು ಧರ್ಮಕೇಂದ್ರಗಳ ವಿಲೀನಕ್ಕೆ ಅವಕಾಶ ನೀಡಿದ ಬಳಿಕ ರೆನ್ ಕಟ್ಟಿಸಿದ ಹಲವು ಚರ್ಚುಗಳನ್ನು ಕೆಡವಲಾಯಿತು. ಉಳಿದವುಗಳಲ್ಲಿ ಅನೇಕವು 1940–41ರ ವೈಮಾನಿಕ ದಾಳಿಯಲ್ಲಿ ಹಾನಿಗೊಂಡವು.

ಪ್ರಮುಖ ಚರ್ಚುಗಳು

ಸೇಂಟ್ ಪಾಲ್ ಕೆಥೆಡ್ರಲ್: 1675ರಲ್ಲಿ ಇದರ ಮರುನಿರ್ಮಾಣ ಆರಂಭವಾಯಿತು. ಗುಮ್ಮಟದ ತುದಿಯ ಶಿಲುಬೆಯವರೆಗೆ ಎತ್ತರ ಸುಮಾರು 111 ಮೀಟರ್. 1723ರಲ್ಲಿ ನಿಧನನಾದ ರೆನ್‌ನ ಸಮಾಧಿಯು ಇದರ ನೆಲಮಾಳಿಗೆಯಲ್ಲಿದೆ.

ಸೇಂಟ್ ಬಾರ್ಥೊಲೊಮ್ಯು ದಿ ಗ್ರೇಟ್: 1123ರಲ್ಲಿ ಕ್ರೈಸ್ತ ಮಠವಾಗಿ ಸ್ಥಾಪನೆಗೊಂಡಿತು. ದಪ್ಪ ಕಂಬಗಳೂ ಅರ್ಧವೃತ್ತಾಕಾರದ ಕಮಾನುಗಳೂ ನಾರ್ಮನ್ ಶೈಲಿಯವು. 1666ರ ಬೆಂಕಿ ಇದನ್ನು ತಲುಪಲಿಲ್ಲ.

ಟೆಂಪಲ್ ಚರ್ಚ್: ಟೆಂಪ್ಲರ್ ಯೋಧರು ಕಟ್ಟಿಸಿದ, 1185ರಲ್ಲಿ ಪ್ರತಿಷ್ಠಾಪನೆಗೊಂಡ ಈ ಚರ್ಚಿನ ಹಳೆಯ ಭಾಗವು ವೃತ್ತಾಕಾರದಲ್ಲಿದೆ.

ಸೇಂಟ್ ಸ್ಟೀಫನ್ ವಾಲ್‌ಬ್ರೂಕ್: 1672ರಿಂದ 1679ರ ಅವಧಿಯಲ್ಲಿ ರೆನ್ ನಿರ್ಮಿಸಿದ ಗುಮ್ಮಟದ ಚರ್ಚು. ಇಲ್ಲಿನ ದುಂಡಾದ ಶಿಲಾವೇದಿಕೆಯು 20ನೆಯ ಶತಮಾನದ ಶಿಲ್ಪಿ ಹೆನ್ರಿ ಮೂರ್‌ನ ಕೃತಿ.

ಆಲ್ ಹ್ಯಾಲೋಸ್ ಬೈ ದಿ ಟವರ್: ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಇದರ ಗೋಪುರವನ್ನೇರಿ 1666ರ ಬೆಂಕಿಯನ್ನು ವೀಕ್ಷಿಸಿದನು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಗೋಡೆ ಕುಸಿದಾಗ, ಅದುವರೆಗೆ ಮರೆಯಾಗಿದ್ದ ಆಂಗ್ಲೋ-ಸ್ಯಾಕ್ಸನ್ ಕಾಲದ ಕಮಾನು ಬೆಳಕಿಗೆ ಬಂದಿತು.

ಸೇಂಟ್ ಬ್ರೈಡ್: ಪತ್ರಿಕಾ ಕಚೇರಿಗಳಿದ್ದ ಫ್ಲೀಟ್ ಸ್ಟ್ರೀಟ್‌ನಲ್ಲಿರುವುದರಿಂದ ಪತ್ರಕರ್ತರ ಚರ್ಚೆಂದು ಪ್ರಸಿದ್ಧವಾಗಿದೆ. 1940ರ ಡಿಸೆಂಬರ್ 29ರ ರಾತ್ರಿ ಒಳಭಾಗ ಸುಟ್ಟುಹೋದರೂ ಹಂತಹಂತವಾಗಿ ಕಿರಿದಾಗುವ ಶಿಖರವು ಉಳಿಯಿತು. ಅನಂತರದ ಉತ್ಖನನದಲ್ಲಿ ಹಿಂದಿನ ಚರ್ಚುಗಳ ತಳಪಾಯಗಳು ಕಂಡುಬಂದವು.

ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್: 1941ರಲ್ಲಿ ಪಾಳಾದ ಈ ಚರ್ಚನ್ನು ಮತ್ತೆ ಕಟ್ಟಲಿಲ್ಲ. ರೆನ್‌ನ ಗೋಪುರ ಹಾಗೂ ಚಾವಣಿಯಿಲ್ಲದ ಗೋಡೆಗಳನ್ನು ಉಳಿಸಿಕೊಂಡು ಆವರಣವನ್ನು ಸಾರ್ವಜನಿಕ ಉದ್ಯಾನವನ್ನಾಗಿ ಮಾಡಲಾಗಿದೆ.

ಭೇಟಿ

ಸೇಂಟ್ ಪಾಲ್ ಕೆಥೆಡ್ರಲ್ಲಿನ ವೀಕ್ಷಣೆಗೆ ಪ್ರವೇಶ ಶುಲ್ಕವಿದೆ. ಆರಾಧನೆಗೆ ಬರುವವರಿಗೆ ಶುಲ್ಕವಿಲ್ಲ. ಈ ಪ್ರದೇಶದಲ್ಲಿ ನಿವಾಸಿಗಳಿಗಿಂತ ನೌಕರರೇ ಹೆಚ್ಚಾಗಿರುವುದರಿಂದ ಸಣ್ಣ ಚರ್ಚುಗಳಲ್ಲಿ ಹಲವು ವಾರದ ಕೆಲಸದ ದಿನಗಳಲ್ಲಿ ತೆರೆದಿದ್ದು ವಾರಾಂತ್ಯದಲ್ಲಿ ಮುಚ್ಚಿರುತ್ತವೆ. ಕೆಲವೆಡೆ ಮಧ್ಯಾಹ್ನದ ವಿರಾಮದಲ್ಲಿ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ.