ನಿಮಗಿದು ಗೊತ್ತೇ? ತೊಗರಿ ಎಲೆಗೆ ತಾಗುವ ಗಾಳಿಯ ಸಾರಜನಕ

● ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಹೊಲಗಳ ಮೇಲೆ ಬೀಸುವ ಗಾಳಿಯಲ್ಲಿ ಶೇ 78 ಪಾಲು ಸಾರಜನಕ. ತೊಗರಿಯ ಎಲೆ ಅದನ್ನು ನೇರವಾಗಿ ಬಳಸಲಾರದು. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿಕೊಟ್ಟರೆ ಮಾತ್ರ ಗಿಡಕ್ಕೆ ದಕ್ಕುತ್ತದೆ.

● ಕಲ್ಲಿದ್ದಲು, ಡೀಸೆಲ್ ಉರಿದಾಗ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಹಾಗಲ್ಲ, ಪತ್ರರಂಧ್ರದಿಂದ ಸೀದಾ ಎಲೆಯೊಳಗೆ ನುಗ್ಗುತ್ತದೆ. ತುಸು ಇದ್ದರೆ ಎಲೆ ಅದನ್ನೇ ಗೊಬ್ಬರವಾಗಿ ಅರಗಿಸಿಕೊಂಡೀತು. ಹೆಚ್ಚಾದರೆ ಒಳಗೆ ನೈಟ್ರೈಟ್ ಕೂಡಿ ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ.

● ಯಾದಗಿರಿಗೆ ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಇಂಥ ಕುಲುಮೆಗಳ ಕಾವಿಗೆ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ.

● ನಿಜವಾದ ಪೆಟ್ಟು ಬೀಳುವುದು ಬಿಸಿಲೇರಿದ ಮೇಲೆ. ನೈಟ್ರೋಜನ್ ಡೈಆಕ್ಸೈಡನ್ನು ಸೂರ್ಯನ ಬೆಳಕು ಒಡೆದಾಗ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ಮೇಲಿದ್ದು ನಮ್ಮನ್ನು ಕಾಯುವ ಅನಿಲವೇ ಕೆಳಗೆ ಬೆಳೆಗೆ ವಿಷ! ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೊ ಎಂಬ ಕಿಣ್ವವನ್ನು ಅದು ಹಾಳುಮಾಡುತ್ತದೆ. ಎಲೆ ಬೇಗ ಮುಪ್ಪಾಗುತ್ತದೆ, ಕಾಳು ಸೊರಗುತ್ತದೆ. ಹೊಗೆಕೊಳವೆಯಿಂದ ಬಹುದೂರದ ಹೊಲಕ್ಕೂ ಇದು ತಲುಪಬಲ್ಲದು. ಎಷ್ಟೋ ಸಲ ಎಲೆಯ ಮೇಲೆ ಕಲೆಯೂ ಕಾಣದು. ರೈತ ಹುಳುವಿಗೆ ಎಣ್ಣೆ ಹೊಡೆಯಬಲ್ಲ, ಕಾಣದ ಗಾಳಿಗೆ ಏನು ಹೊಡೆದಾನು? ಈ ನಷ್ಟ ಯಾವ ಬೆಳೆಹಾನಿ ಅರ್ಜಿಯಲ್ಲೂ ಬರೆಯಲಾಗದ ನಷ್ಟ.

● ಸ್ಟ್ಯಾನ್‌ಫರ್ಡ್‌ನ ಡೇವಿಡ್ ಲೋಬೆಲ್ ತಂಡ ಉಪಗ್ರಹದ ಮಾಹಿತಿ ಹಿಡಿದು 2022ರಲ್ಲಿ ಇದನ್ನು ಲೆಕ್ಕ ಹಾಕಿತು. ಗಾಳಿಯ ನೈಟ್ರೋಜನ್ ಆಕ್ಸೈಡ್‌ಗಳು ಅರ್ಧಕ್ಕೆ ಇಳಿದರೆ ಭಾರತದಲ್ಲಿ ಮುಂಗಾರು ಇಳುವರಿ ಸುಮಾರು ಶೇ 8, ಹಿಂಗಾರು ಸುಮಾರು ಶೇ 6 ಏರೀತು. ಚೀನಾದ ಚಳಿಗಾಲದ ಬೆಳೆಗೆ ಶೇ 25!

● ಮಸಾಲೆಗೆ ಹಾಕುವ ಕಲ್ಲುಹೂವು ಒಂದು ಕಲ್ಲುಹಾವಸೆ (ಲೈಕೆನ್). ಗಾಳಿಗೆ ಸೇರುವ ಸಾರಜನಕದ ಇನ್ನೊಂದು ರೂಪವಾದ ಅಮೋನಿಯಾಕ್ಕೆ ಮೊದಲು ಬಲಿಯಾಗುವುದು ಈ ಕುಲವೇ. ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 1 ಮೈಕ್ರೊಗ್ರಾಂ ದಾಟಿದರೆ ಇವುಗಳಿಗೆ ಅಪಾಯ ಶುರು. ಬೇರು, ಕಾಂಡವಿರುವ ಗಿಡಗಳಿಗೆ ಆ ಮಿತಿ 3.

● ಆ ಅಮೋನಿಯಾದ ಒಂದು ಪಾಲು ನಮ್ಮ ಗದ್ದೆಗಳದ್ದೇ. ಯೂರಿಯಾದಲ್ಲಿ ಶೇ 46 ಸಾರಜನಕವಿದೆ. ಶಹಾಪುರ, ಸುರಪುರದ ಕ್ಷಾರಗುಣದ ಎರೆಮಣ್ಣಿನ ಮೇಲೆ ಬಿಸಿಲಲ್ಲಿ ಎರಚಿ ಬಿಟ್ಟರೆ ಅದರಲ್ಲಿ ಸಾಕಷ್ಟು ಗಾಳಿಗೆ ಹಾರಿಹೋಗುತ್ತದೆ. ಬೇರಿನ ಪಕ್ಕ ಮಣ್ಣೊಳಗೆ ಹಾಕಿ ಮುಚ್ಚಿದರೆ ರೊಕ್ಕವೂ ಉಳಿದೀತು.