ಘಾಟಿ ರಸ್ತೆಯಲ್ಲಿ ಸರಕು: ನಷ್ಟವಾದರೆ ಹೊರುವವರು ಯಾರು?

ಶಿವಮೊಗ್ಗ, ಭದ್ರಾವತಿಗಳಿಂದ ಮಂಗಳೂರಿಗೆ ಹೊರಡುವ ಸರಕು ಯಾವುದಾದರೊಂದು ಘಾಟಿಯನ್ನು ಇಳಿಯಲೇಬೇಕು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಭಾರಿ ವಾಹನಗಳಿಗೆ ನಿರ್ಬಂಧ ವಿಧಿಸಿದಾಗ ಹುಲಿಕಲ್ ಅಥವಾ ಶಿರಾಡಿಯ ಸುತ್ತುದಾರಿಯೇ ಗತಿ. ಚಾಲಕನು ಎಷ್ಟೇ ಜಾಗರೂಕನಾಗಿದ್ದರೂ ಅಪಾಯ ಪೂರ್ಣವಾಗಿ ತಪ್ಪದು. ಹೀಗಿರುವಾಗ, ಲಾರಿ ಉರುಳಿದರೆ ನಷ್ಟ ಯಾರದೆಂಬುದನ್ನು ಸರಕು ಹೊರಡುವ ಮುನ್ನವೇ ತಿಳಿದಿರುವುದು ಲೇಸು.

‘ಲಾರಿಗೆ ವಿಮೆ ಇದೆಯಲ್ಲ’ ಎಂಬುದು ಅನೇಕ ವರ್ತಕರ ಸಮಾಧಾನ. ಆ ವಿಮೆಯು ವಾಹನಕ್ಕೂ ಮೂರನೆಯವರಿಗಾಗುವ ಹಾನಿಗೂ ಸಂಬಂಧಿಸಿದ್ದು. ಅದರೊಳಗಿನ ನಿಮ್ಮ ಸರಕಿಗೆ ಅದು ರಕ್ಷಣೆ ನೀಡದು.

ಇನ್ನು ಸಾಗಣೆದಾರರ ಹೊಣೆ. 1865ರ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯಿದೆ ಹಾಗೂ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಅಪಾಯದ ದರ ತೆರಲು ರವಾನೆದಾರರು ಒಪ್ಪಿರದಿದ್ದಲ್ಲಿ, ಈ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, ಶಿವಮೊಗ್ಗದ ವರ್ತಕರೊಬ್ಬರು 6,00,000 ರೂಪಾಯಿಗೆ ಕೊಂಡ ಸರಕನ್ನು 14,000 ರೂಪಾಯಿ ಬಾಡಿಗೆಗೆ ಕಳುಹಿಸಿದರೆನ್ನಿ. ಸರಕು ಪೂರ್ಣ ನಾಶವಾದರೆ ಸಾಗಣೆದಾರರಿಂದ ದೊರೆಯಬಹುದಾದ ಗರಿಷ್ಠ ಮೊತ್ತ 1,40,000 ರೂಪಾಯಿ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ನೀಡದಿದ್ದರೆ ಅದಕ್ಕಾಗಿ ದಾವೆ ಹೂಡುವ ಹಕ್ಕೂ ಉಳಿಯದು.

ಇದರ ಜೊತೆಗೆ ತೆರಿಗೆಯ ಹೊರೆ. ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನಂತೆ ಕಳೆದುಹೋದ ಅಥವಾ ನಾಶವಾದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯದು, ಪಡೆದಿದ್ದರೆ ಹಿಂದಿರುಗಿಸಬೇಕು. ತೆರಿಗೆ ಶೇಕಡಾ 18 ಎಂದಾದರೆ ಮೇಲಿನ ಸರಕಿನ ಮೇಲೆ 1,08,000 ರೂಪಾಯಿ. ಆಗ ಒಟ್ಟು ನಷ್ಟ 7,08,000. ಸಾಗಣೆದಾರರು ಪೂರ್ಣ 1,40,000 ಕೊಟ್ಟರೂ ವರ್ತಕರ ತಲೆಯ ಮೇಲೆ 5,68,000 ರೂಪಾಯಿ ಉಳಿಯುತ್ತದೆ. ಸಣ್ಣ ವ್ಯವಹಾರಕ್ಕೆ ಇದು ಇಡೀ ವರ್ಷದ ಲಾಭವನ್ನೇ ನುಂಗಬಲ್ಲದು.

ಪರಿಹಾರವೆಂದರೆ ಸರಕಿನ ಸಾಗಣೆ ವಿಮೆ. ಅದರ ಷರತ್ತುಗಳಲ್ಲಿ ಮೂರು ವರ್ಗಗಳಿವೆ. ‘ಸಿ’ ವರ್ಗವು ಬೆಂಕಿ ಮತ್ತು ಸಿಡಿಲಿಗೆ ಮಾತ್ರ. ‘ಬಿ’ ವರ್ಗವು ಡಿಕ್ಕಿ, ವಾಹನ ಉರುಳುವಿಕೆ, ಸೇತುವೆ ಕುಸಿತಗಳನ್ನೂ ಒಳಗೊಳ್ಳುತ್ತದೆ. ‘ಎ’ ವರ್ಗವು ಸ್ಪಷ್ಟವಾಗಿ ಹೊರಗಿಟ್ಟ ಅಪಾಯಗಳನ್ನುಳಿದು ಮಿಕ್ಕೆಲ್ಲವನ್ನೂ ವ್ಯಾಪಿಸುತ್ತದೆ. ನೆನೆದರೆ ಕೆಡುವ ಅಡಿಕೆಯಂತಹ ಸರಕಿಗೆ ಮಲೆನಾಡಿನ ಮಳೆಯಲ್ಲಿ ‘ಎ’ ವರ್ಗವೇ ಯುಕ್ತ. ವಿಮಾ ಮೊತ್ತದಲ್ಲಿ ತೆರಿಗೆಯನ್ನೂ ಸೇರಿಸಲು ಮರೆಯಬಾರದು.

ಅಪಘಾತವಾದ ಕೂಡಲೇ ಪೊಲೀಸರಿಗೆ, ವಿಮಾ ಕಂಪನಿಗೆ ಮತ್ತು ಸಾಗಣೆದಾರರಿಗೆ ತಿಳಿಸಿ. ಸರ್ವೇಯರ್ ಬರುವವರೆಗೆ ಸರಕನ್ನು ಕಾಪಾಡಿ, ಛಾಯಾಚಿತ್ರ ತೆಗೆಸಿ. ಉಳಿದ ಸರಕನ್ನು ಬೇರೆ ಲಾರಿಗೆ ತುಂಬಿದರೆ ಇ-ವೇ ಬಿಲ್ಲಿನ ‘ಬಿ’ ಭಾಗದಲ್ಲಿ ಹೊಸ ವಾಹನದ ಸಂಖ್ಯೆ ನಮೂದಿಸಬೇಕು. ಅವಧಿ ಮುಗಿದಿದ್ದರೆ ಎಂಟು ಗಂಟೆಗಳೊಳಗೆ ವಿಸ್ತರಿಸಿಕೊಳ್ಳಬೇಕು.

ಕೊನೆಯದಾಗಿ, ದಾರಿಯಲ್ಲಿನ ಅಪಾಯ ಮಾರಿದವರದೋ ಕೊಂಡವರದೋ ಎಂಬುದನ್ನು ಆರ್ಡರಿನಲ್ಲಿಯೇ ಬರೆದುಕೊಳ್ಳಿ. ಮುಂದಿನ ಲಾರಿ ಹೊರಡುವ ಮುನ್ನ ಲಾರಿ ರಸೀದಿಯ ಹಿಂಬದಿಯ ಷರತ್ತುಗಳನ್ನೂ ನಿಮ್ಮ ಪಾಲಿಸಿಯನ್ನೂ ಒಮ್ಮೆ ಓದಿ ನೋಡಬೇಕೆಂದು ಸದಸ್ಯರಲ್ಲಿ ವಿನಂತಿ.