ತೆಲಿಗಿಯಿಂದ ಎಂಬಿಎ ತರಗತಿಗೆ: ಅರ್ಜಿಗೆ ಮೊದಲು ಬೇಕಾದ ಒಂದು ಕಾಗದ

ಪದವಿ ಮುಗಿಯುವ ಹೊತ್ತಿಗೆ ಮಂಗಳೂರಿನ ಹಾಸ್ಟೆಲ್‌ಗಳಲ್ಲಿರುವ ಬಯಲುಸೀಮೆಯ ವಿದ್ಯಾರ್ಥಿಗಳು ನಮ್ಮಲ್ಲಿ ಕೇಳುವುದುಂಟು: "ಫಾದರ್, ಎಂಬಿಎ ಮಾಡಬೇಕು, ಎಲ್ಲಿ ಸೇರಲಿ?" ಕರಾವಳಿಯ ಮನೆಗಳಲ್ಲಿ ಉತ್ತರ ಹೇಳಲು ಅಣ್ಣನೋ ಚಿಕ್ಕಪ್ಪನೋ ಇರುತ್ತಾರೆ. ಹರಪನಹಳ್ಳಿ ತಾಲೂಕಿನ ತೆಲಿಗಿಯಂಥ ಊರಿನಿಂದ ಬಂದ, ಮನೆಯ ಮೊದಲ ಪದವೀಧರನಿಗೆ ಅಂಥವರು ಸಿಗುವುದು ಅಪರೂಪ. ಧರ್ಮಕೇಂದ್ರಗಳಲ್ಲಿ ಯುವಜನರಿಗೆ ಮಾರ್ಗದರ್ಶನ ಮಾಡುವವರಿಗಾಗಿ ಈ ವಿವರಣೆ.

ವಿಶ್ವವಿದ್ಯಾನಿಲಯಗಳ ಎಂಬಿಎ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಯಾವುದೇ ವಿಷಯದ ಪದವಿಯಾದರೂ ಸರಿ, ಶೇ. 50 ಅಂಕ ಬೇಕು, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ ಶೇ. 45 ಸಾಕು. ಎರಡು ಗಂಟೆ, ನೂರು ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ ಇವಿಷ್ಟೇ ವಿಷಯಗಳು. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಓದಿದವರು ಹೆದರುವುದು ಇಂಗ್ಲಿಷಿಗೆ. ನಮ್ಮ ಅನುಭವದಲ್ಲಿ ಅವರು ಸೋಲುವುದು ಅಲ್ಲಲ್ಲ, ಕಾಗದಪತ್ರದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಹೀಗಾಗಿ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಮೀಸಲಾತಿ ಬಂದಾಗ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಅದು ಸಿಕ್ಕಿತು, ಪಕ್ಕದ ತೆಲಿಗಿಯವರಿಗೆ ಸಿಗಲಿಲ್ಲ. ದೀರ್ಘ ಬೇಡಿಕೆಯ ನಂತರ 2018ರಲ್ಲಿ ತಾಲೂಕು ಬಳ್ಳಾರಿಗೆ ಮರಳಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಈಗ ಈ ಸೌಲಭ್ಯ ಅವರಿಗೂ ಇದೆ. ಆದರೆ ಎಷ್ಟೋ ಪೋಷಕರು ಇನ್ನೂ ತಮ್ಮನ್ನು ದಾವಣಗೆರೆಯವರೆಂದೇ ತಿಳಿದಿದ್ದಾರೆ!

ಲಾಭವೇನು? ಸರ್ಕಾರದ ಮೂಲಕ ಹಂಚುವ ಸೀಟುಗಳಲ್ಲಿ ಕಲ್ಯಾಣ ಕರ್ನಾಟಕದೊಳಗೆ ಶೇ. 70, ಉಳಿದ ಭಾಗಗಳಲ್ಲಿ ಶೇ. 8 ಆ ಪ್ರದೇಶದವರಿಗೆ ಮೀಸಲು. ತೆಲಿಗಿಯವರಿಗೆ ದಾವಣಗೆರೆ ವಿಶ್ವವಿದ್ಯಾನಿಲಯ ಹತ್ತಿರ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ದೂರ. ಆದರೆ ಮೀಸಲಾತಿಯ ದೊಡ್ಡ ಪಾಲು ಇರುವುದು ದೂರದಲ್ಲಿ. ಸಾಧಾರಣ ರ‍್ಯಾಂಕ್ ಬಂದವರು ಆಯ್ಕೆಯ ಪಟ್ಟಿ ತುಂಬುವಾಗ ಬಳ್ಳಾರಿಯನ್ನು ಬಿಟ್ಟುಬಿಡಬಾರದು. ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು, ಅರ್ಜಿಯಲ್ಲೇ ಅದನ್ನು ಕೋರಿರಬೇಕು. ಪರೀಕ್ಷೆ ಮುಗಿದ ಮೇಲೆ ಕಚೇರಿಗೆ ಅಲೆದು, ಕಾಗದ ಬರುವಷ್ಟರಲ್ಲಿ ಅವಧಿ ಮೀರಿ, ಕೊನೆಗೆ ಸಾಲ ಮಾಡಿ ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟು ಪಡೆದವನೊಬ್ಬನನ್ನು ನಾವು ಬಲ್ಲೆವು. ಅವನ ರ‍್ಯಾಂಕ್ ಕೆಟ್ಟದ್ದೇನಾಗಿರಲಿಲ್ಲ.

ಮಂಗಳೂರಿನಲ್ಲೇ ಮುಂದುವರಿಯುವವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯವಿದೆ. 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾದ ಸಂತ ಅಲೋಶಿಯಸ್‌ನಂಥ ಸಂಸ್ಥೆಗಳ ಕ್ರಮ ಬೇರೆ. ಅಲ್ಲಿಯೇ ನೇರವಾಗಿ ವಿಚಾರಿಸಬೇಕು. "ಸೀಟು ಕೊಡಿಸುತ್ತೇನೆ" ಎನ್ನುವ ಮಧ್ಯವರ್ತಿಯನ್ನಲ್ಲ.

ಸೇರಿದ ಮೇಲೆ ನಾಲ್ಕು ಸೆಮಿಸ್ಟರ್. ಮೊದಲನೆಯದೇ ಕಠಿಣ: ಕಲಾ ಪದವೀಧರರಿಗೆ ಲೆಕ್ಕಶಾಸ್ತ್ರ, ಎಲ್ಲರಿಗೂ ಸಂಖ್ಯಾಶಾಸ್ತ್ರ, ಜೊತೆಗೆ ತರಗತಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ವಿಷಯ ಮಂಡಿಸುವುದು. ಹಳ್ಳಿಯ ಹುಡುಗರು ಹಿಂದಿನ ಬೆಂಚು ಹುಡುಕುವುದು ಆಗಲೇ. ಆದರೆ ಅಪ್ಪನ ಜೊತೆ ಮೆಕ್ಕೆಜೋಳದ ಚೀಲ ಹೇರಿಕೊಂಡು ಮಾರುಕಟ್ಟೆಗೆ ಹೋಗಿ, ಆವಕ ಹೆಚ್ಚಿದ ದಿನ ದರ ಬಿದ್ದದ್ದನ್ನು ನೋಡಿದವನಿಗೆ ಬೇಡಿಕೆ, ಪೂರೈಕೆಯ ಪಾಠ ಹೊಸದಲ್ಲ. ಅದನ್ನು ಹೇಳುವ ಮಾತು ಮಾತ್ರ ಹೊಸದು. ಇಂಟರ್ನ್‌ಶಿಪ್ ವರದಿಗೂ ಅದನ್ನೇ ವಿಷಯವಾಗಿಸಿಕೊಳ್ಳಬಹುದು.

ಇನ್ನೊಂದು ಮಾತು. ಸೀಟು ಸಿಕ್ಕರೆ ಹಾಸ್ಟೆಲ್ ಸಿಕ್ಕಂತಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಬೇರೆ ಅರ್ಜಿ ಹಾಕಬೇಕು. ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ಅರ್ಹತಾ ಪತ್ರದ ಜೊತೆಗೇ ಮಾಡಿಸಿಟ್ಟುಕೊಂಡರೆ ತಾಲೂಕು ಕಚೇರಿಗೆ ಎರಡನೇ ಸಲ ಹೋಗುವುದು ತಪ್ಪುತ್ತದೆ.